ಸೈಕಲ್ಲು ದಾಟುವ ಜಾಗ

ಆ ಹಳೇ ಪತ್ತೇದಾರಿ ಸಿನಿಮಾದಲ್ಲಿ ಕೊಲೆಗಾರ ಯಾರೆಂದು ಮೊದಲ ಹಾಡಿಗೇ ಗೊತ್ತಾಗಿಬಿಡುತ್ತದೆ. ಆದರೂ ವಿಡಿಯೋ ಲೈಬ್ರರಿಯಿಂದ ಅದರ ಕ್ಯಾಸೆಟ್ಟನ್ನು ಟೈಲರಮ್ಮ ಮತ್ತೆ ಮತ್ತೆ ಮನೆಗೆ ಒಯ್ಯುತ್ತಿದ್ದಳು. ಅವಳಿಗೆ ಕಥೆ ಬೇಕಿರಲಿಲ್ಲ. ನಾಯಕ ಸಿಗರೇಟು ಹಚ್ಚುವಾಗ ಅವನ ಹಿಂದಿನ ಬೀದಿಯಲ್ಲಿ ಬ್ರೆಡ್ಡು ಮಾರುವವನೊಬ್ಬ ಸೈಕಲ್ಲಿನಲ್ಲಿ ಹಾದುಹೋಗುತ್ತಾನೆ. ಶೂಟಿಂಗ್ ನಡೆಯುತ್ತಿದೆಯೆಂಬ ಪರಿವೆಯೇ ಇಲ್ಲದೆ ನಡುವೆ ನುಗ್ಗಿದ ಆತ ಅವಳ ಅಪ್ಪ. ಈಗ ಅವನು ಬದುಕಿಲ್ಲ.

ಮನೆಯ ಫೋಟೋಗಳಲ್ಲೆಲ್ಲ ಅಪ್ಪ ಕೋಲು ನುಂಗಿದವನ ಹಾಗೆ ನಿಂತಿದ್ದಾನೆ. ಇಲ್ಲಿ ಮಾತ್ರ ಪೆಡಲು ತುಳಿಯುತ್ತಾನೆ, ಗಾಳಿಗೆ ಕಣ್ಣು ಕಿರಿದು ಮಾಡುತ್ತಾನೆ. ಅವನು ಪರದೆಯ ಅಂಚು ಮುಟ್ಟುವ ಮೊದಲೇ ಅವಳ ಬೆರಳು ರಿಮೋಟಿನ ಗುಂಡಿ ಒತ್ತಿಬಿಡುತ್ತಿತ್ತು. ಅಪ್ಪ ನಿಂತುಬಿಡುತ್ತಿದ್ದ. ಕಾಜಾ ಹಾಕುತ್ತಾ ಆಗಾಗ ತಲೆಯೆತ್ತಿ ನೋಡುವಳು. ಆಮೇಲೆ ಹಿಂದಕ್ಕೆ ಸುತ್ತಿ ಮತ್ತೆ ಬರಮಾಡಿಕೊಳ್ಳುವಳು. ಅವನು ಹೋಗುವುದನ್ನು ಮಾತ್ರ ನೋಡುತ್ತಿರಲಿಲ್ಲ.

ಈ ಸಲ ಕ್ಯಾಸೆಟ್ಟನ್ನು ಹಿಡಿದುಕೊಂಡು ಲೈಬ್ರರಿಯ ಅಕ್ಕನ ಮುಂದೆ ನಿಂತಳು.

"ಅಕ್ಕಾ, ಅಪ್ಪ ಬರೋ ಜಾಗದಲ್ಲೇ ಬರೀ ಬಿಳಿ ಗೆರೆ. ಮುಖಾನೇ ಕಾಣ್ತಿಲ್ಲ."

ಅಕ್ಕ ಹಾಕಿ ನೋಡಿದಳು. "ಇಲ್ಲೇ ನಿಲ್ಲಿಸಿ ಇಡ್ತಿದ್ಯಾ?"

"ನಿಲ್ಲಿಸದೆ ನೋಡೋದು ಹೇಗೆ?"

"ಅಯ್ಯೋ ಹುಚ್ಚಿ! ನೀನು ನಿಲ್ಲಿಸಿದ್ರೂ ಮಿಷನ್ನಿನ ಒಳಗಿನ ಚಕ್ರ ನಿಲ್ಲಲ್ಲ ಕಣೇ. ಟೇಪಿನ ಅದೇ ಜಾಗಾನ ಉಜ್ಜುತ್ತಾನೇ ಇರುತ್ತೆ. ಪಾತ್ರೆ ತಿಕ್ಕಿ ತಿಕ್ಕಿ ಕಲಾಯಿ ಹೋದ ಹಾಗೆ."

"ಇನ್ನೊಂದು ಇಲ್ವಾ?"

"ಎಲ್ಲೂ ಇಲ್ಲ. ಇದನ್ನೂ ಇನ್ನು ಕಪಾಟಲ್ಲಿ ಇಡೋ ಹಾಗಿಲ್ಲ, ನೀನೇ ಇಟ್ಕೋ. ನಿನ್ನ ಬಿಟ್ರೆ ಇದನ್ನ ಆ ನಾಯಕನ ಹೆಂಡ್ತೀನೂ ಕೇಳಿಲ್ಲ."

ಟೈಲರಮ್ಮ ನಕ್ಕಳು. ಬೀದಿಗೆ ಬಂದ ಮೇಲೆ ಕಣ್ಣು ತುಂಬಿತು. ಹಿಡಿದಿಟ್ಟುಕೊಂಡೆ ಅಂದುಕೊಂಡಿದ್ದಳು, ತನ್ನ ಕೈಯಾರೆ ಅಳಿಸಿದ್ದಳು.

ಸಂಜೆ ಮಗಳು ಪುಟ್ಟಿ ತೊಡೆ ಏರಿ ಕೂತಳು. "ಅಮ್ಮಾ, ಇವತ್ತು ತಾತನ್ನ ನಿಲ್ಲಿಸಲ್ವಾ?"

"ಬೇಡ ಬಿಡು ಕಂದ. ಪಾಪ, ಎಷ್ಟೂಂತ ನಿಲ್ತಾರೆ?" ರಿಮೋಟನ್ನು ಹೊಲಿಗೆ ಬಟ್ಟೆಯ ಕೆಳಗೆ ತಳ್ಳಿದಳು.

ನಾಯಕ ಸಿಗರೇಟು ಹಚ್ಚಿದ. ಗೆರೆಗಳು ಸುರಿದವು. ಅವುಗಳ ಹಿಂದೆ ನೆರಳಿನಂಥದ್ದೊಂದು ಸರಿದು ಅಂಚು ದಾಟಿತು. ಬೀದಿ ಖಾಲಿಯಾಯಿತು.

ಆಗ, ಯಾರೂ ಕಾಣದ ಆ ಕಡೆಯಿಂದ, ಸೈಕಲ್ಲಿನ ಗಂಟೆ. ಟ್ರಿಣ್ ಟ್ರಿಣ್. ತುಸು ತಡೆದು, ಇನ್ನೊಂದು ಟ್ರಿಣ್.

ಮಾರಿ ಮಿಕ್ಕ ಬನ್ನನ್ನು ಚಿಕ್ಕವಳಿದ್ದ ಅವಳಿಗೆಂದು ಜೇಬಿನಲ್ಲಿಟ್ಟುಕೊಂಡು ಬರುವಾಗ, ಮನೆಯ ತಿರುವಿನಲ್ಲಿ ಅಪ್ಪ ಬಾರಿಸುತ್ತಿದ್ದ ಗಂಟೆ ಅದು. ಸಿನಿಮಾವನ್ನು ಮೊದಲ ಸಲ ನೋಡಿದಾಗ "ಅಪ್ಪಾ!" ಎಂದು ತಾನೇ ಕೂಗಿ ಆ ಸದ್ದನ್ನು ಮುಚ್ಚಿಬಿಟ್ಟಿದ್ದಳು. ಆಮೇಲೆ ಅಂಚು ದಾಟಲು ಅವನನ್ನು ಬಿಟ್ಟಿದ್ದರಲ್ಲವೇ ಅದು ಕೇಳಿಸುವುದು?

"ಎಲ್ಲಿಗಮ್ಮಾ?" ಎಂದಳು ಪುಟ್ಟಿ.

ಮಗಳನ್ನು ಕೆಳಗಿಳಿಸಿ ತಾನು ಯಾವಾಗ ಎದ್ದೆನೋ ಅವಳಿಗೇ ತಿಳಿಯದು. ಕೈ ಬಾಗಿಲಿನ ಚಿಲಕದ ಮೇಲಿತ್ತು.