ಕೊಂದವನನ್ನು ಮನೆಯಲ್ಲಿಟ್ಟುಕೊಂಡದ್ದು

ಮಗನನ್ನು ಕೊಂದವನಿಗೆ ದಿನಾ ರೊಟ್ಟಿ ಬಡಿಯುವುದೆಂದರೆ ಹುಡುಗಾಟವೇ? ಗಾದಿಲಿಂಗಮ್ಮ ಬಡಿದಳು. ಮನಸ್ಸಿಟ್ಟು ಬಡಿದಳೆಂದು ಮಾತ್ರ ಯಾರೂ ತಿಳಿಯಬೇಡಿ. ಒಂದೊಂದು ಪೆಟ್ಟಿಗೂ ಬಜಾರಪ್ಪನ ಹೆಸರು ಹಿಡಿದು ಶಪಿಸುತ್ತ, ಅಂಚು ಸೀದರೆ ಸೀಯಲಿ ಎಂದು ಬಿಡುತ್ತ ಬಡಿದಳು. ಅವನು ಸೀದದ್ದನ್ನೂ ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದ. ಅದಕ್ಕೂ ಅವಳಿಗೆ ಸಿಟ್ಟು.

ಆದೋನಿ ಇನ್ನೂ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕಾಲ ಅದು. ಕೋಸಗಿ ಸ್ಟೇಷನ್ನಿನಿಂದ ಒಂದು ಹರದಾರಿ ಒಳಗೆ, ಗುಡ್ಡದ ಬುಡದಲ್ಲಿ ಕುರುಬರ ಊರು. ಗಾದಿಲಿಂಗಮ್ಮನ ಒಬ್ಬನೇ ಮಗ ಉಚ್ಚೀರಪ್ಪ ಮತ್ತು ಈ ಬಜಾರಪ್ಪ ಚಿಕ್ಕಂದಿನಿಂದ ಒಂದೇ ತಟ್ಟೆಯಲ್ಲಿ ಉಂಡವರು. ಆ ಬೇಸಿಗೆ ಹಳ್ಳ ಬತ್ತಿ, ಉಸುಕು ಬಗೆದು ತೆಗೆದ ಒರತೆಯೊಂದೇ ಕುರಿಗಳಿಗೆ ಗತಿಯಾಗಿತ್ತು. ಯಾರ ಹಿಂಡು ಮೊದಲು ಕುಡಿಯಬೇಕೆಂದು ಮಾತಿಗೆ ಮಾತು ಬೆಳೆಯಿತು. ಬಜಾರಪ್ಪ ಕೈಯಲ್ಲಿದ್ದ ಕೋಲು ಬೀಸಿಬಿಟ್ಟ. ನೀರು ಕುಡಿಯಲು ಬಗ್ಗಿದ್ದ ಉಚ್ಚೀರಪ್ಪ ಮತ್ತೆ ಏಳಲೇ ಇಲ್ಲ. ಹೆಣವನ್ನು ತಾನೇ ಹೆಗಲ ಮೇಲೆ ಹೊತ್ತು ತಂದು ಅಂಗಳದಲ್ಲಿ ಮಲಗಿಸಿ, "ನಾನ ಹೊಡದೀನಿ, ದೊಡ್ಡವ್ವ" ಎಂದು ಬಜಾರಪ್ಪ ಅಲ್ಲೇ ಕುಸಿದ.

ಊರ ಹಿರಿಯರೆಲ್ಲ ನ್ಯಾಯಕ್ಕೆ ಕೂಡುವುದಕ್ಕೆ ಆ ಕಡೆ ದೈವ ಎನ್ನುತ್ತಾರೆ. ದೈವ ಕೂಡಿತು. ಎಲ್ಲರಿಗಿಂತ ಹಿರಿಯನಾದ ಭೀಮಲಿಂಗಪ್ಪ ಗಾದಿಲಿಂಗಮ್ಮನನ್ನೇ ಕೇಳಿದ.

"ತಂಗಿ, ಪೊಲೀಸರಿಗೆ ಒಪ್ಪಸ್ರಿ ಅಂದ್ರ ಈಗಿಂದೀಗ ಕೋಸಗಿಗೆ ಆಳು ಓಡಸ್ತೀವಿ. ಕೋರ್ಟಿನಾಗ ಇವನಿಗೆ ಗಲ್ಲಾದೀತು. ಆಮ್ಯಾಲೆ ನಿನ್ನ ಕುರಿ ಕಾಯೋರು ಯಾರು? ನಮ್ಮ ಹಿರೇರ ದಾರಿ ಬ್ಯಾರೆ ಐತಿ. ಕೊಂದವ ಸತ್ತವನ ಜಾಗಾ ತುಂಬಬೇಕು. ನಿನ್ನ ಮನ್ಯಾಗ ಇರ್ತಾನ, ನಿನಗ ಅವ್ವಾ ಅಂತಾನ. ಯುಗಾದಿಗೆ ದೈವ ಕೂಡತೈತಿ. ನೀನು ಮನಸಾರೆ ಒಂದು ಬಟ್ಟಲ ಹಾಲು ಕೊಟ್ರ ಅವನು ಬಿಡುಗಡಿ. ಕೊಡದಿದ್ರ ಇನ್ನೊಂದು ವರ್ಷ. ಯಾಕ ಅಂತ ನಾವು ಕೇಳಂಗಿಲ್ಲ."

"ಮನಿಗೇ ಕೊಡ್ರಿ" ಎಂದಳು ಗಾದಿಲಿಂಗಮ್ಮ. ಕರುಣೆಯೇ? ಎಲ್ಲಿಯ ಕರುಣೆ! ಗಲ್ಲಾದರೆ ಒಂದು ಗಳಿಗೆಯಲ್ಲಿ ಮುಗಿದುಹೋಗುತ್ತದೆ, ಕಣ್ಣೆದುರಿಗಿದ್ದರೆ ಅವನನ್ನು ದಿನಾ ಸಂಕಟದಲ್ಲಿ ಬೇಯಿಸಬಹುದೆಂದು ಅವಳ ಎಣಿಕೆ. ಬಜಾರಪ್ಪ ಬಸುರಿ ಹೆಂಡತಿ ಸುಂಕಮ್ಮನನ್ನು ಪಕ್ಕದ ಓಣಿಯ ತನ್ನ ಮನೆಯಲ್ಲಿ ಬಿಟ್ಟು ಬಂದು, ಉಚ್ಚೀರಪ್ಪನ ಹಿಂಡು ಹೊಡೆದುಕೊಂಡು ಅಡವಿಗೆ ಹೋದ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ಬುತ್ತಿ ಮರೆತು ಹೋಗಿದ್ದ. ಬೈದುಕೊಳ್ಳುತ್ತಲೇ ಗಾದಿಲಿಂಗಮ್ಮ ಒಯ್ದಳು. ಬಿಸಿಲು ನೆತ್ತಿ ಸುಡುತ್ತಿತ್ತು. ಒಂದು ಹಕ್ಕಿಯ ದನಿಯೂ ಇರಲಿಲ್ಲ. ಜಾಲಿಯ ಗಿಡದ ಕೆಳಗೆ ಬಜಾರಪ್ಪ ಯಾರ ಜೊತೆಗೋ ಮಾತಾಡುತ್ತಿದ್ದ. ನಡುನಡುವೆ ಸುಮ್ಮನಾಗುವನು, ಕೇಳಿಸಿಕೊಳ್ಳುವನು, ಮತ್ತೆ ಮಾತಾಡುವನು. ಅವನ ಎದುರಿಗೆ ಯಾರೂ ಇಲ್ಲ. ಮಗ ಸತ್ತಂದಿನಿಂದ ಬಾಲ ಅಲ್ಲಾಡಿಸದಿದ್ದ ಅವನ ನಾಯಿ ಆ ಬರಿ ನೆಲದ ಮುಂದೆ ಅಂಗಾತ ಬಿದ್ದು, ಯಾರೋ ಹೊಟ್ಟೆ ಕೆರೆಯುತ್ತಿದ್ದಾರೆಂಬಂತೆ ಕಾಲು ಮಡಚಿ ಕಣ್ಣು ಮುಚ್ಚಿತ್ತು.

ಅವಳು ಬುತ್ತಿ ಹಿಡಿದುಕೊಂಡೇ ಹತ್ತಿರ ಹೋದಳು. "ಯಾರ ಕೂಡ ಮಾತಾಡ್ತಿದ್ದಿಯೋ?"

ಬಜಾರಪ್ಪ ತಲೆ ಎತ್ತಲಿಲ್ಲ. "ಉಚ್ಚೀರಿ ಬಂದಾನವ್ವ. ದಿನಾ ಬರ್ತಾನ."

ಗಾದಿಲಿಂಗಮ್ಮ ಹೆಂಟೆ ಎತ್ತಿ ಬೀಸಿದಳು. "ಕೊಂದದ್ದು ಸಾಲದಂತ ಕತಿ ಬ್ಯಾರೆ ಕಟ್ಟತೀಯಾ, ಹಾಳಾದವನ!"

ಹೆಂಟೆ ಭುಜಕ್ಕೆ ಬಡಿದರೂ ಅವನು ಕದಲಲಿಲ್ಲ. "ಮೊನ್ನೆ ನೀನು ಬಾಗಲಾ ಹಾಕ್ಕೊಂಡು ಅವನ ಕೌದ್ಯಾಗ ಮುಖ ಇಟ್ಟು ಅತ್ತಿಯಂತ. ಅಳಬ್ಯಾಡ ಅಂತ ಹೇಳು ಅಂದ."

ಅವಳು ಕೌದಿ ಅಪ್ಪಿಕೊಂಡು ಅತ್ತದ್ದು ನಿಜ. ಆಗ ಮನೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಗಾದಿಲಿಂಗಮ್ಮ ಬುತ್ತಿಯ ಗಂಟಿನೊಂದಿಗೆ ಹಾಗೇ ನೆಲಕ್ಕೆ ಕೂತಳು. ಭಯವಾಯಿತು, ಹೌದು. ಆದರೆ ಭಯಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು. ಹೆತ್ತವಳು ಮನೆಯಲ್ಲಿ ಬಾಗಿಲು ನೋಡುತ್ತ ಕೂತಿರುವಾಗ ಮಗ ತನ್ನನ್ನು ಹೊಡೆದವನ ಹತ್ತಿರ ಹೋಗಿ ಕೂಡುವುದೇ?

ಅಂದಿನಿಂದ ರೊಟ್ಟಿ ಸೀಯಲಿಲ್ಲ. ಬುತ್ತಿಯಲ್ಲಿ ಇಬ್ಬರ ಪಾಲು ಹೋಗತೊಡಗಿತು. ಸಂಜೆ ಕುರಿಗಳು ಹಟ್ಟಿ ಸೇರುವ ಮೊದಲೇ ಅವಳು ಓಣಿಯ ಬಾಯಿಗೆ ಬಂದು ನಿಲ್ಲುವಳು. "ಬಂದಿದ್ನಾ? ಏನಂದ? ಬಡವಾಗ್ಯಾನಾ?" ಬಜಾರಪ್ಪ ಒಂದೂ ಬಿಡದೆ ಹೇಳುವನು. ಮಗ ಬದುಕಿದ್ದಾಗ ಇಷ್ಟು ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ.

ಯುಗಾದಿ ಬಂತು, ದೈವ ಕೂಡಿತು. ಸುಂಕಮ್ಮ ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದಿದ್ದಳು. ಗಾದಿಲಿಂಗಮ್ಮ ಹಾಲಿನ ಬಟ್ಟಲು ಹಿಡಿದು ಬಜಾರಪ್ಪನ ಮುಂದೆ ನಿಂತಳು. ಇವನು ಬಿಡುಗಡೆಯಾಗಿ ಮನೆಗೆ ಹೋದರೆ ಸಂಜೆ ಸುದ್ದಿ ತರುವವರು ಯಾರು? ಬಟ್ಟಲನ್ನು ತನ್ನ ತುಟಿಗಿಟ್ಟು ಗಟಗಟ ಕುಡಿದು ಮನೆಗೆ ನಡೆದಳು. ಸುಂಕಮ್ಮ ಬಾಯಿ ಬಡಿದುಕೊಂಡು ಅತ್ತದ್ದು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ. ತಪ್ಪೆನ್ನುವಿರಾ? ಅನ್ನಿ, ನಾನು ಬೇಡವೆನ್ನಲಾರೆ.

ಮತ್ತೆ ಬೇಸಿಗೆ ಬಲಿಯಿತು. ಬಜಾರಪ್ಪನ ಮಾತು ಕಡಿಮೆಯಾಯಿತು. ಕಣ್ಣು ಗುಳಿ ಬಿದ್ದವು. "ಇವತ್ತೇನಂದ?" ಎಂದರೆ "ಏನೂ ಇಲ್ಲ" ಎನ್ನುವನು. ಒಂದು ಸಂಜೆ ಗಾದಿಲಿಂಗಮ್ಮ ಅವನ ಅಂಗಿ ಹಿಡಿದು ಜಗ್ಗಿದಳು.

"ಮುಚ್ಚಿಡಬ್ಯಾಡ. ಹೇಳು."

"ನೀರು ಬೇಡ್ತಾನವ್ವ" ಎಂದು ಬಜಾರಪ್ಪ ಮಗುವಿನಂತೆ ಅತ್ತುಬಿಟ್ಟ. "ಮೊದಲಿಂದ ಬೇಡ್ತಾನ, ನಾನ ನಿನಗ ಹೇಳಿಲ್ಲ. ಒರತಿಗೆ ಬಗ್ತಾನ, ನೀರು ಬಾಯಿಗೆ ಹತ್ತವಲ್ದು. ನನ್ನ ಯಾರೋ ಹಿಡಕೊಂಡಾರ, ಬಿಡಾಕ ಹೇಳೋ ಅಂತಾನ."

"ಯಾರು ಹಿಡಕೊಂಡಾರ?"

ಅವನು ಅವಳ ಮುಖ ನೋಡಿದ.

"ಆಹಾ, ತಿಳೀತು ಬಿಡು! ಹೆಂಡ್ತಿ ಕೂಸಿನ ಹತ್ರ ಹೋಗಾಕ ಹೂಡಿದ ಆಟ ಇದು!"

"ನನ್ನ ಬಿಡಬ್ಯಾಡವ್ವ. ಸಾಯೋತನಕ ನಿನ್ನ ಕುರಿ ಕಾಯ್ತೀನಿ. ನನ್ನ ಮ್ಯಾಲಿನ ಸಿಟ್ಟೊಂದು ಬಿಡು. ಅದು ಅವನ ಕಾಲಿಗೆ ಹಗ್ಗ ಆಗೈತಿ."

ಮರುದಿನ ನಡುಮಧ್ಯಾಹ್ನ ಗಾದಿಲಿಂಗಮ್ಮ ಒಬ್ಬಳೇ ಹಳ್ಳಕ್ಕಿಳಿದಳು. ಕುರಿಗಳು ಗುಡ್ಡದಾಚೆ ಇದ್ದವು. ದೂರದಲ್ಲಿ ಬೊಂಬಾಯಿ ರೈಲು ಕೂಗಿ ಹೋಯಿತು, ಆಮೇಲೆ ಸದ್ದೆಲ್ಲ ಅಡಗಿತು. ಒರತೆಯ ಸುತ್ತ ಒದ್ದೆ ಉಸುಕು ನುಣ್ಣಗಿತ್ತು. ಅವಳು ನೋಡುತ್ತಿದ್ದಂತೆಯೇ ಆ ಉಸುಕಿನಲ್ಲಿ ಎರಡು ಕುಳಿ ಬಿದ್ದವು. ಯಾರೋ ಮೊಣಕಾಲೂರಿದ ಕುಳಿ. ಅವುಗಳ ಮುಂದೆ ಮೆಲ್ಲಗೆ ಎರಡು ಅಂಗೈ ಒತ್ತಿದವು. ಎಡಗೈಯ ಕಿರುಬೆರಳು ಮೊಂಡು. ಉಚ್ಚೀರಪ್ಪ ಹುಡುಗನಾಗಿದ್ದಾಗ ಉಣ್ಣೆ ಕತ್ತರಿಸಲು ಹೋಗಿ ಕಳೆದುಕೊಂಡ ಬೆರಳು ಅದು.

ಒರತೆಯ ನೀರು ಅಲುಗಲಿಲ್ಲ. ಅಂಗೈಗಳು ಇನ್ನೂ ಆಳಕ್ಕೆ ಇಳಿದವು, ನೀರಿಗೆ ಇನ್ನೂ ಬಗ್ಗಿದಂತೆ. ಆಗಲೂ ನೀರು ಅಲುಗಲಿಲ್ಲ.

"ಕುಡಿಯಪ್ಪಾ, ನನ್ನ ಕೈಲಿ ಕುಡಿಯೋ" ಎಂದು ಅವಳು ಬೊಗಸೆ ತುಂಬಿ ಆ ಬರಿ ಗಾಳಿಗೆ ಹಿಡಿದಳು. ನೀರೆಲ್ಲ ಬೆರಳ ಸಂದಿಯಿಂದ ಸೋರಿ ಉಸುಕಿಗೆ ಇಂಗಿತು. ಮತ್ತೆ ಮೊಗೆದಳು, ಮತ್ತೆ ಸೋರಿತು. ಕೈ ಸೋತು ಅಲ್ಲೇ ಕೂತು ಅತ್ತಳು. ಇಷ್ಟು ದಿನ ಮಗ ಬರುತ್ತಾನೆಂದು ಹಿಗ್ಗಿದ್ದಳು. ಅವನು ಹೋಗಲಾರದೆ ನಿಂತಿದ್ದನೆಂಬುದು ಈಗ ತಿಳಿಯಿತು.

ಯುಗಾದಿಯತನಕ ಅವಳು ಕಾಯಲಿಲ್ಲ. ಮರುದಿನ ಬೆಳಿಗ್ಗೆಯೇ ಭೀಮಲಿಂಗಪ್ಪನ ಮನೆಗೆ ಹೋಗಿ, "ದೈವ ಕೂಡಸ್ರಿ, ಅಣ್ಣಾ" ಎಂದಳು. ಎಲ್ಲರ ಎದುರಿಗೆ ಬಜಾರಪ್ಪನ ಮುಂದೆ ನಿಂತಳು. ಹಾಲಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಬರೀ ಕೈ ಕೊಟ್ಟರೆ ಸಾಲದು, ಮನಸ್ಸು ಕೊಡಬೇಕು. ಅದು ಇವಳ ಮಾತು ಕೇಳುತ್ತದೆಯೇ? ಬಹಳ ಹೊತ್ತು ನಿಂತಳು.

"ಕುಡಿಯೋ ನನ್ನಪ್ಪಾ" ಎಂದಳು ಕೊನೆಗೆ. ಯಾರಿಗೆಂದಳೋ ಅವಳಿಗೇ ಗೊತ್ತಿಲ್ಲ.

ಬಜಾರಪ್ಪ ಕುಡಿದ. ಅವನ ಕಣ್ಣು ಅವಳ ಬೆನ್ನ ಹಿಂದೆ ನಟ್ಟಿತ್ತು. ನೋಡುತ್ತ ನೋಡುತ್ತ ಅದು ಗುಡ್ಡದ ಕಡೆಗೆ ಹೊರಳಿತು, ದೂರ ಹೋಯಿತು, ಅಲ್ಲೇ ನಿಂತಿತು. ಗಾದಿಲಿಂಗಮ್ಮ ಗರಕ್ಕನೆ ತಿರುಗಿದಳು. ಬರೀ ಬಿಸಿಲು.

"ಹೋದನಾ?"

"ಹೋದ."

"ನನಗೇನೂ ಹೇಳಲಿಲ್ಲಾ?"

"ಮಾತಾಡಲಿಲ್ಲ. ಹಿಂದಿಂದ ಬಂದು ನಿನ್ನ ನೆತ್ತಿ ಮ್ಯಾಲೆ ಕೈಯಿಟ್ಟಿದ್ದ. ಭಾಳ ಹೊತ್ತು."

ಅವಳಿಗೆ ಏನೂ ತಿಳಿದಿರಲಿಲ್ಲ. ಒಂದು ಕೂದಲೂ ಅಲುಗಿರಲಿಲ್ಲ. ತನ್ನ ತಲೆಯನ್ನು ತಾನೇ ತಡವಿಕೊಂಡಳು, ಎಲ್ಲಿಯೂ ಏನೂ ಸಿಗಲಿಲ್ಲ.

"ಎಲ್ಲಿ ಇಟ್ಟಿದ್ದ, ತೋರಸು."

ಬಜಾರಪ್ಪ ಹಿಂಜರಿದು ಎರಡು ಹೆಜ್ಜೆ ಹಿಂದೆ ಸರಿದ. ಕೋಲು ಬೀಸಿದ ಆ ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಗಾದಿಲಿಂಗಮ್ಮ ಹೋಗಿ ಅದನ್ನೇ ಮುಂಗೈ ಹಿಡಿದು ಎಳೆದು, ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು.

"ಹಿಂಗಾ?"

"ಹೂನವ್ವಾ, ಹಿಂಗ."

ಅವಳು ಕಣ್ಣು ಮುಚ್ಚಿ ಹಾಗೇ ನಿಂತಳು. ಆ ಕೈಯನ್ನು ಬಿಡಲಿಲ್ಲ.