ಫೋನಿನ ಮೇಲೆ ಹೆಬ್ಬೆರಳಿನ ಗುರುತು

ಹಲ್ಲು ಬರುವ ಮಗು ಇರುವ ಮನೆಯಲ್ಲಿ ಯಾವ ವಸ್ತುವಿಗೂ ಉಳಿಗಾಲವಿಲ್ಲ. ನನ್ನ ಮೊಮ್ಮಗಳು ಚಪ್ಪಲಿಯಿಂದ ಚಮಚದವರೆಗೆ ಎಲ್ಲವನ್ನೂ ಕಚ್ಚುತ್ತಾಳೆ. ಎಲ್ಲಕ್ಕಿಂತ ಇಷ್ಟ ಅವಳ ಅಮ್ಮನ ಫೋನು.

ಆ ಅಮ್ಮ, ಅಂದರೆ ನನ್ನ ಮಗಳು, ಪ್ರಯೋಗಾಲಯದಲ್ಲಿ ಪ್ರೋಟೀನ್ ಪರೀಕ್ಷೆಗೆ ಬೇಕಾದ ದ್ರಾವಣಗಳನ್ನು ತಯಾರಿಸುತ್ತಾಳೆ. ಪುಡಿ ತೂಗಬೇಕು, ನೀರಿನಲ್ಲಿ ಕರಗಿಸಬೇಕು, ಬಾಟಲಿಗೆ ಚೀಟಿ ಅಂಟಿಸಬೇಕು.

"ವಿಷದ ಪುಡಿ ಅಂತೀಯಲ್ಲ, ಭಯ ಆಗಲ್ವಾ?" ಎಂದು ಕೇಳಿದರೆ ನಗುತ್ತಿದ್ದಳು.

"ಕೈಗವಸು ಹಾಕ್ಕೊಂಡೇ ಮುಟ್ಟೋದಮ್ಮ. ನೀನು ಅಡುಗೆಗೆ ಉಪ್ಪು ಹಾಕೋದಕ್ಕಿಂತ ಹುಷಾರಾಗಿ ತೂಗ್ತೀನಿ."

ಹೋದ ತಿಂಗಳು ಒಂದು ಸಂಜೆ, ಅವಳು ಮನೆಗೆ ಬಂದು ಕಾಲು ಗಂಟೆಯೂ ಆಗಿರಲಿಲ್ಲ. ಲ್ಯಾಬಿನ ಸುರಕ್ಷತೆ ನೋಡಿಕೊಳ್ಳುವ ಹಿರಿಯಕ್ಕ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದರು. ಕೈಯಲ್ಲಿ ಚಿಕ್ಕದೊಂದು ಟಾರ್ಚು.

"ನಾನು ತಪಾಸಣೆಗೆ ಬರೋಷ್ಟರಲ್ಲಿ ನೀನು ಹೊರಟುಬಿಟ್ಟಿದ್ದೆ. ಪರದೆ ಎಳಿ, ದೀಪ ಆರಿಸು."

"ಏನಕ್ಕಾ, ಮನೇಲೂ ಪರೀಕ್ಷೆನಾ?"

"ಬೆಳಿಗ್ಗೆ ನಿನ್ನ ಪುಡಿ ಡಬ್ಬಿಯ ಹೊರಗಡೆ ನಾನು ಬೇರೆ ಪುಡಿ ಸವರಿದ್ದೆ. ಗಾಬರಿ ಬೇಡ, ಅದರಿಂದ ಏನೂ ಆಗಲ್ಲ. ಈ ನೇರಳೆ ಬೆಳಕಲ್ಲಿ ಮಾತ್ರ ಹೊಳೆಯುತ್ತೆ. ಎಲ್ಲೆಲ್ಲಿ ತಿರುಗಾಡಿದೆ ನೋಡೋಣ."

ದೀಪ ಆರಿಸಿ ನೋಡಿದರೆ ಮಗಳ ಕೈ ಸ್ವಚ್ಛವಾಗಿತ್ತು. "ನೋಡಿದ್ರಾ?" ಎಂದು ಹುಬ್ಬು ಹಾರಿಸಿದಳು.

ಟಾರ್ಚು ಅವಳ ಚೀಲದತ್ತ ಹೊರಳಿತು. ಜಿಪ್ಪಿನ ತುದಿ ಹಸಿರಾಗಿ ಹೊಳೆಯಿತು. ಆಮೇಲೆ ನನ್ನ ಮಡಿಲತ್ತ. ಅಲ್ಲಿ ಮೊಮ್ಮಗಳು ಫೋನು ಕಚ್ಚುತ್ತಾ ಕುಳಿತಿದ್ದಳು. ಫೋನಿನ ಮೇಲೆ ಹೆಬ್ಬೆರಳಿನ ಹಸಿರು ಗುರುತು. ಮಗುವಿನ ಮುಷ್ಟಿ, ಕೆನ್ನೆ, ಕೆಳತುಟಿಯ ಮೇಲೂ ಅದೇ ಹಸಿರು. ಅಂದು ಮಧ್ಯಾಹ್ನವಷ್ಟೇ ಕಾಣಿಸಿದ್ದ ಅಕ್ಕಿಕಾಳಿನಷ್ಟು ಹಲ್ಲಿನ ಮೇಲೂ.

ನಾನು ಮಗುವಿನ ಕೈಯಿಂದ ಫೋನು ಕಿತ್ತುಕೊಂಡೆ. ಮಗು ಮಾತ್ರ ಬೆಳಕು ಹಿಡಿಯಲು ಕೈ ಚಾಚಿ ನಕ್ಕಿತು.

"ಡಬ್ಬಿ ಒಳಗಿರೋ ಅಕ್ರಿಲಮೈಡ್ ಇದೇ ದಾರೀಲಿ ಬಂದಿದ್ರೆ?" ಹಿರಿಯಕ್ಕನ ದನಿ ತಗ್ಗಿತ್ತು. "ನೋಡೋಕೆ ಸಕ್ಕರೆ ಥರ, ವಾಸನೆ ಇಲ್ಲ. ಆದ್ರೆ ನರಗಳನ್ನೇ ಹಾಳು ಮಾಡುತ್ತೆ. ಕೈಗವಸು ನಿನ್ನ ಕೈಯನ್ನೇನೋ ಕಾಯ್ತು. ಅದೇ ಕೈಗವಸಲ್ಲಿ ಫೋನ್ ಯಾಕೆ ಎತ್ತಿದೆ?"

ಮಗಳು ನನ್ನ ಮುಖ ನೋಡಿದಳು. ನಾನೇ ಹೇಳಬೇಕಾಯಿತು.

"ಫೋನ್ ಮಾಡಿದ್ದು ನಾನು. ಮಗುಗೆ ಹಲ್ಲು ಬಂತು ಅಂತ ಹೇಳೋಕೆ. ಎತ್ತಲಿಲ್ಲ ಅಂತ ಮತ್ತೆ ಮತ್ತೆ ಮಾಡಿದೆ, ಮೂರನೇ ಸಲಕ್ಕೆ ಎತ್ತಿದಳು."

ಮಗಳು ಮಗುವನ್ನೆತ್ತಿಕೊಂಡು ಹೋಗಿ ಬಾಯಿ, ಕೈ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು.

ಈಗ ಅವಳ ಫೋನು ಲ್ಯಾಬಿನ ಹೊರಗಿನ ಬೀರುವಿನಲ್ಲೇ ಇರುತ್ತದೆ. ಕೈಗವಸು ಕಳಚಿ, ಸೋಪು ಹಾಕಿ ಕೈ ತೊಳೆದು, ಊಟದ ಹೊತ್ತಿಗೆ ಅವಳೇ ಫೋನ್ ಮಾಡುತ್ತಾಳೆ. ಮಗುವಿನ ಎರಡನೇ ಹಲ್ಲು ನಿನ್ನೆ ಬೆಳಿಗ್ಗೆ ಕಾಣಿಸಿತು. ಮಧ್ಯಾಹ್ನದವರೆಗೆ ಸುದ್ದಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ.

ಲ್ಯಾಬಿನಲ್ಲಿ ದುಡಿಯುವ ಮಕ್ಕಳೇ, ಪುಡಿ ಮುಟ್ಟಿದ ಕೈಗವಸಿನಲ್ಲಿ ಫೋನು, ಚೀಲ, ಬಾಗಿಲು ಯಾವುದನ್ನೂ ಮುಟ್ಟಬೇಡಿ. ಮನೆಯಲ್ಲಿರುವ ನನ್ನಂಥವರೇ, ಅವರು ಫೋನ್ ಎತ್ತದಿದ್ದರೆ ಮುನಿಸಿಕೊಳ್ಳಬೇಡಿ. ಕಾಯೋಣ.