ಅಂಚೆ ಕಚೇರಿಯ ಮಾಡಿನ ಮೇಲೊಂದು ಊರು

"ಮೈಮೇಲೆ ಬೀಳ್ಬೇಡಿ, ಅಳಿಯಂದಿರೇ. ಗಾಳಿ ಇನ್ನೂ ಸಮುದ್ರದಲ್ಲೇ ಇದೆ," ಎಂದರು ಅತ್ತೆ.

ದನಿ ಜೋರೆಂದು ತುತ್ತೂರಿ ಎನಿಸಿಕೊಂಡಿದ್ದ ಅಳಿಯ ಹಿಂದೆ ಸರಿಯಲಿಲ್ಲ. ಸರಿಯಲು ಜಾಗವೆಲ್ಲಿತ್ತು? ಅವನ ಬೆನ್ನಿಗೆ ಕಾಗದ ಹಿಡಿದ ದಲ್ಲಾಳಿಗಳ ಸಾಲು ಮೆಟ್ಟಿಲಿಳಿದು, ಬೀದಿ ದಾಟಿ, ಲೋಕದ ಇನ್ನೊಂದು ತುದಿ ಮುಟ್ಟಿತ್ತು. ಸಮುದ್ರದಲ್ಲಿ ಎದ್ದದ್ದೂ ಅಂಥಿಂಥ ಚಂಡಮಾರುತವಲ್ಲ. ಅದರ ಕಣ್ಣೊಳಗೆ ಎರಡು ಜಿಲ್ಲೆಯ ಜನವನ್ನು ಕೂರಿಸಿ ಊಟ ಬಡಿಸಬಹುದಿತ್ತು. ಈ ಕಿಟಕಿಯಾಚೆ ಮಾತ್ರ ಒಂದೆಲೆಯೂ ಅಲುಗುತ್ತಿರಲಿಲ್ಲ.

ಆ ಕಟ್ಟಡದಲ್ಲಿ ನಡೆಯುತ್ತಿದ್ದದ್ದು ಮರುವಿಮೆಯ ವ್ಯಾಪಾರ. ಜನ ಮನೆಗೆ ವಿಮೆ ಮಾಡಿಸುತ್ತಾರಲ್ಲ, ಆ ವಿಮೆ ಕಂಪನಿಗಳು ತಮ್ಮ ತಲೆಯ ಮೇಲೇ ಆಕಾಶ ಬಿದ್ದರೆ ಗತಿಯೇನೆಂದು ಹೆದರಿ, ಇಲ್ಲಿ ಬಂದು ತಮಗೇ ವಿಮೆ ಮಾಡಿಸಿಕೊಳ್ಳುತ್ತಿದ್ದವು. ಎಲ್ಲೋ ಭೂಮಿ ನಡುಗಿದರೆ ಇಲ್ಲಿ ದರ ಎದ್ದು ನಿಲ್ಲುತ್ತಿತ್ತು. ಎಲ್ಲೋ ಕಾಡಿಗೆ ಬೆಂಕಿ ಬಿದ್ದರೆ ಇಲ್ಲಿ ಸಹಿ ಹಾಕುವ ಕೈಗಳು ಸುಟ್ಟುಕೊಂಡಂತೆ ಹಿಂದೆ ಸರಿಯುತ್ತಿದ್ದವು. ಹೋದ ವರ್ಷ ಒಂದರ ಬೆನ್ನಿಗೊಂದು ಬಂದ ಗಾಳಿಗಳು ಗೂಳಿಯಂಥ ಕಂಪನಿಗಳನ್ನೇ ನುಂಗಿ ನೀರು ಕುಡಿದಿದ್ದವು. ಅಂದಿನಿಂದ ಕರಾವಳಿ ಎಂದರೆ ಸಾಕು, ಉಳಿದವರೆಲ್ಲ ಮೇಜಿನಡಿಗೆ ಇಳಿಯುತ್ತಿದ್ದರು. ಅತ್ತೆ ಒಬ್ಬರೇ ಕುರ್ಚಿ ಬಿಡುತ್ತಿರಲಿಲ್ಲ. ಅವರು ಮೊದಲ ಸಹಿ ಹಾಕಿ ಒಂದು ಪಾಲು ಹೊತ್ತುಕೊಂಡರೆ ಮಿಕ್ಕವರು ಧೈರ್ಯ ಮಾಡಿ ಮೇಜಿನಡಿಯಿಂದ ಎದ್ದು ಬಂದು ಉಳಿದ ಪಾಲು ಹೊರುತ್ತಿದ್ದರು.

ಗೋಡೆಯ ದೊಡ್ಡ ಪರದೆಯಲ್ಲಿ ಕರಾವಳಿಯ ಸುತ್ತ ಒಂದು ಕೆಂಪು ವೃತ್ತವಿತ್ತು. ಗಾಳಿಯ ಕಣ್ಣು ಅದರೊಳಗೆ ಬಂದ ಗಳಿಗೆ ಗಂಟೆ ಮೊಳಗುತ್ತಿತ್ತು, ಮಹಡಿಯಲ್ಲಿದ್ದವರೆಲ್ಲ ಪೆನ್ನಿನ ಕ್ಯಾಪು ಮುಚ್ಚಬೇಕು. ಆಮೇಲೆ ದೇವರೇ ಬಂದು ಗೋಗರೆದರೂ ಸಹಿ ಇಲ್ಲ.

ತುತ್ತೂರಿಯ ಕೈಲಿದ್ದದ್ದು ಒಂದು ಪುಟ್ಟ ಕಂಪನಿಯ ಕಾಗದ. ಅದು ವಿಮೆ ಕೊಟ್ಟಿದ್ದದ್ದು ಒಂದೇ ಒಂದು ಬಂದರಿನ ಊರಿಗೆ. ಆ ಊರಿನ ಕಡಲಂಚಿನ ಓಣಿಯಲ್ಲಿ ಅವನ ಅಕ್ಕನ ಮನೆ. ಗಂಟೆಗೆ ಮುಂಚೆ ಸಹಿ ಬೀಳದಿದ್ದರೆ ಗಾಳಿಯ ಮರುದಿನ ಕಂಪನಿಯೂ ಇಲ್ಲ, ಬಿದ್ದ ಮನೆ ಕಟ್ಟಿಸಿಕೊಡುವವರೂ ಇಲ್ಲ.

ಸಂಬಂಧಿಕರ ಕಾಗದಕ್ಕೆ ಎರಡು ಪಟ್ಟು ಪ್ರಶ್ನೆ ಎಂಬುದು ಅತ್ತೆಯ ನಿಯಮ. ಬೆಳಗಿನಿಂದ ಅವರು ಕೇಳಿದ ಪ್ರಶ್ನೆಗಳಿಗೆ ಬಂಡೆಗಲ್ಲಾದರೂ ಬೆವರುತ್ತಿತ್ತು.

"ಮಗಳನ್ನ ಕೊಡುವಾಗ್ಲೂ ನೀವು ಇಷ್ಟು ಕೇಳಿರ್ಲಿಲ್ಲ," ಎಂದ ತುತ್ತೂರಿ.

"ಕೇಳ್ಬೇಕಿತ್ತು. ಬುದ್ಧಿ ಬಂದದ್ದು ಆಮೇಲೆ."

ಯಾವ ಗಾಳಿಗೆ ಯಾವ ಮನೆಯ ಮಾಡು ಹಾರುತ್ತದೆಂದು ಲೆಕ್ಕ ಹಾಕುವ ಕಂಪ್ಯೂಟರಿನತ್ತ ಅತ್ತೆ ಹುಬ್ಬೇರಿಸಿದರು. "ನಿಮ್ಮೂರಿಗೆ ಹಾನೀನೇ ಇಲ್ಲ ಅನ್ನುತ್ತಲ್ಲ ಇದು?"

"ಪುಣ್ಯವಂತರ ಊರು ಅತ್ತೆ. ಹಾಕಿ, ಹಾಕಿ."

ಅತ್ತೆ ಮೇಜಿನ ಫ್ಯಾನು ಆರಿಸಿದರು. ಸಹಿ ಹಾಕುವಾಗ ಕಾಗದ ಅಲುಗುವುದು ಅವರಿಗೆ ಆಗದು. ಪೆನ್ನಿನ ತುದಿ ಕಾಗದಕ್ಕೆ ಇಳಿಯಿತು.

ಆ ಖುಷಿಯಲ್ಲಿ ತುತ್ತೂರಿ, ಲೆಕ್ಕದ ಜೊತೆಗಿದ್ದ ನಕ್ಷೆಯಲ್ಲಿ ಅಕ್ಕನ ಮನೆ ಎಲ್ಲಿದೆಯೆಂದು ಹುಡುಕಿದ. ಕಡಲಂಚು ಬೋಳು. ಓಣಿಯಲ್ಲಿ ಒಂದು ಮನೆಯೂ ಇಲ್ಲ, ಬಂದರಿನಲ್ಲೂ ಇಲ್ಲ. ದೂರದ ಗುಡ್ಡದ ಮೇಲೆ ಮಾತ್ರ ಒಂದು ದಪ್ಪ ಚುಕ್ಕೆ. ಅಲ್ಲಿರುವುದು ಅಂಚೆ ಕಚೇರಿ. ಆ ಊರಲ್ಲಿ ಯಾರ ಮನೆಗೂ ಅಂಚೆಯವನು ಹೋಗುವುದಿಲ್ಲ. ಎಲ್ಲರಿಗೂ ಆ ಕಚೇರಿಯಲ್ಲೇ ಒಂದೊಂದು ಪೆಟ್ಟಿಗೆ. ಕಂಪನಿಯವರು ಮನೆ ವಿಳಾಸದ ಜಾಗದಲ್ಲಿ ಆ ಪೆಟ್ಟಿಗೆಯ ನಂಬರೇ ಕೊಟ್ಟಿದ್ದರು. ಯಂತ್ರ ಅದನ್ನು ನಂಬಿ ಇಡೀ ಊರನ್ನು ಅಂಚೆ ಕಚೇರಿಯ ಮಾಡಿನ ಮೇಲೆ ಹತ್ತಿಸಿ ಕೂರಿಸಿತ್ತು.

ಹುಟ್ಟಿದಾಗಿನಿಂದ ಮುಚ್ಚಿರದ ತುತ್ತೂರಿಯ ಬಾಯಿ ಅವತ್ತು ಮುಚ್ಚಿತು. ಹಾಗೇ ಮುಚ್ಚಿರಬಹುದಿತ್ತು ಕೂಡ.

"ತಡೀರಿ ಅತ್ತೆ," ಎಂದ. "ಈ ನಕ್ಷೆ ತಪ್ಪು. ಮನೆಗಳೆಲ್ಲ ಕೆಳಗಿವೆ, ನೀರಿನ ಬಾಯಲ್ಲಿ."

"ಲೋ, ಸುಮ್ನಿದ್ದಿದ್ರೆ ಸಹಿ ಬಿದ್ದೋಗ್ತಿತ್ತಲ್ಲೋ," ಎಂದು ಹಿಂದಿನ ದಲ್ಲಾಳಿ ಹಣೆ ಚಚ್ಚಿಕೊಂಡ.

"ಬಿದ್ದ ಸಹಿ ನಾಳೆ ನಿಲ್ಬೇಕಲ್ಲಪ್ಪ. ಸುಳ್ಳು ನಕ್ಷೆ ಅಂತ ಗೊತ್ತಾದ್ರೆ ಯಾರು ದುಡ್ಡು ಕೊಡ್ತಾರೆ?" ಎಂದ ತುತ್ತೂರಿ.

ಅತ್ತೆ ನಕ್ಷೆಯನ್ನು ಮುದ್ದೆ ಮಾಡಿ ಬುಟ್ಟಿಗೆಸೆದು ಕೀಲಿಮಣೆ ಎಳೆದುಕೊಂಡರು. "ಬೀದಿ ಹೇಳಿ."

ಆಗ ಊದಿತು ನೋಡಿ ತುತ್ತೂರಿ. ಮೀನು ಮಾರ್ಕೆಟ್ಟಿನ ಬೀದಿ, ಹಗ್ಗದವರ ಓಣಿ, ದೀಪಸ್ತಂಭದ ತಿರುವು. ಅವನ ದನಿಗೆ ಏಳು ಮಹಡಿಯ ಗಾಜು ಝಣಗುಟ್ಟಿತು. ಅತ್ತೆಯ ಬೆರಳುಗಳು ಕಣ್ಣಿಗೇ ಕಾಣದಾದವು. ಒಂದೊಂದು ಬೀದಿಯ ಮನೆಗಳೂ ಗುಡ್ಡದಿಂದಿಳಿದು ತಂತಮ್ಮ ಜಾಗ ಸೇರಿದವು, ಒಂದೊಂದು ಬೀದಿಗೂ ಹಾನಿಯ ಅಂಕಿ ಮೆಟ್ಟಿಲು ಹತ್ತಿತು. ಪರದೆಯ ಮೇಲೆ ಗಾಳಿಯ ಕಣ್ಣು ಕೆಂಪು ಗೆರೆಯತ್ತ ತೆವಳುತ್ತಿತ್ತು. ಗಂಟೆಯ ಹಗ್ಗ ಹಿಡಿದ ಜವಾನ ತುದಿಗಾಲಲ್ಲಿ ನಿಂತಿದ್ದ.

ಕೊನೆಯ ಅಂಕಿ ಕಂಡು ಸಾಲಿನಲ್ಲಿದ್ದವರು ಉಸಿರು ಬಿಡುವುದನ್ನೇ ಮರೆತರು. ಅತ್ತೆ ಹಳೆಯ ದರ ಹೊಡೆದುಹಾಕಿ ಫೋನು ಎತ್ತಿದರು. ಆ ಕಡೆ ಪುಟ್ಟ ಕಂಪನಿಯ ಯಜಮಾನ.

"ಮೂರು ಪಟ್ಟು ದರ. ಹಾನೀಲಿ ಮೊದಲ ಏಟು ನಿಮ್ದು, ಅದಕ್ಕೆ ಮೀರಿದ್ದು ನಂದು. ಆಗುತ್ತಾ?"

ಫೋನಿನಿಂದ ಮೊದಲು ಗಾಳಿಯ ಸದ್ದು ಬಂತು, ಆಮೇಲೆ ಮನುಷ್ಯನದು. "ಹಾಕಿ ತಾಯಿ."

"ಅತ್ತೆ, ಮಿಕ್ಕವರ ಪಾಲು?" ತುತ್ತೂರಿಯ ದನಿ ಪಿಸುಗುಟ್ಟಿತು.

"ಅವರನ್ನ ಮೇಜಿನಡಿಯಿಂದ ಎಬ್ಬಿಸೋಕೆ ಹೊತ್ತೆಲ್ಲಿದೆ? ಪೂರ್ತಿ ನಂದೇ."

"ಯಂತ್ರ ಇಷ್ಟೊಂದು ಹಾನಿ ತೋರಿಸ್ತಿದೆಯಲ್ಲ?"

"ತೋರಿಸ್ತಿದೆಯಲ್ಲ, ಅದಕ್ಕೇ. ಕಾಣೋ ಗಾಳಿಗೆ ನಾನು ಹೆದರಲ್ಲ," ಎಂದು ಅತ್ತೆ ಸಹಿ ಎಳೆದರು. ಕೊನೆಯ ಅಕ್ಷರದ ಬಾಲ ಇನ್ನೂ ಹಸಿಯಿರುವಾಗಲೇ ಗಂಟೆ ಮೊಳಗಿತು. ಮಹಡಿಯ ಉದ್ದಕ್ಕೂ ಟಕ್ ಟಕ್ ಎಂದು ಕ್ಯಾಪುಗಳು ಮುಚ್ಚಿಕೊಂಡವು.

ತುತ್ತೂರಿ ಅಕ್ಕನಿಗೆ ಫೋನು ಮಾಡಿದ. ಗದ್ದಲ, ಮಕ್ಕಳ ಅಳು, ಯಾರೋ ಯಾರನ್ನೋ ಗದರುವ ಸದ್ದು.

"ಎಲ್ಲಿದ್ದೀಯೇ ಅಕ್ಕ?"

"ಗುಡ್ಡದ ಮೇಲೆ ಕಣೋ, ಅಂಚೆ ಕಚೇರೀಲಿ. ಗಟ್ಟಿ ಕಟ್ಟಡ ಇದೊಂದೇ ಅಲ್ವಾ. ಇಡೀ ಊರೇ ಬಂದು ಕೂತಿದೆ, ಕಾಲು ಚಾಚೋಕೆ ಜಾಗ ಇಲ್ಲ."

"ಮನೆ?"

"ಬೀಗ ಹಾಕಿದ್ದೀನಿ."

"ಗಾಳಿಗೆ ಬೀಗ ಹಾಕಿದ್ಯಾ?"

"ಇನ್ನೇನ್ಮಾಡ್ಲಿ, ಚೀಟಿ ಬರೆದಿಟ್ಟು ಬರ್ಲಾ?" ಎಂದು ಅಕ್ಕ ನಕ್ಕಳು. ಅಷ್ಟರಲ್ಲಿ ಫೋನು ಕಡಿದುಹೋಯಿತು.

ಅವಳ ದನಿಯೂ ತಮ್ಮನದಕ್ಕೆ ಕಡಿಮೆಯಿಲ್ಲ. ಅತ್ತೆಗೆ ಎಲ್ಲ ಕೇಳಿಸಿತ್ತು. ಅವರು ಬಗ್ಗಿ ಬುಟ್ಟಿಯಿಂದ ಆ ಮುದ್ದೆ ಕಾಗದ ತೆಗೆದು, ಮೇಜಿನ ಮೇಲಿಟ್ಟು, ಅಂಗೈಯಿಂದ ನಿಧಾನವಾಗಿ ಸುಕ್ಕು ತೀಡಿದರು. ಗುಡ್ಡದ ಮೇಲೆ ಆ ಒಂದೇ ಚುಕ್ಕೆ. ಫ್ಯಾನು ಇನ್ನೂ ನಿಂತೇ ಇತ್ತು, ಕಿಟಕಿಯಾಚೆ ಎಲೆಯೂ ಅಲುಗುತ್ತಿರಲಿಲ್ಲ. ಆದರೂ ಅತ್ತೆ ಕಾಗದ ಹಾರದಂತೆ ಚುಕ್ಕೆಯ ಪಕ್ಕಕ್ಕೆ ಕ್ಯಾಪು ಮುಚ್ಚಿದ ಪೆನ್ನನ್ನು ಇಟ್ಟರು.